ಬೆಳಕಿನಿಂದ ಅಳೆಯುವ ಪ್ರಾರ್ಥನೆಯ ಹೊತ್ತು

ಯೆಹೂದಿ ಧರ್ಮಶಾಸ್ತ್ರವು ಬೆಳಗಿನ ಪ್ರಾರ್ಥನೆಯ ಕಾಲವನ್ನು ಗಡಿಯಾರದಿಂದಲ್ಲ, ಬೆಳಕಿನಿಂದ ಅಳೆಯುತ್ತದೆ. ದೇವರು ಒಬ್ಬನೇ ಎಂದು ಸಾರುವ 'ಶೆಮಾ' ಪಠಣವನ್ನು ಯಾವಾಗಿನಿಂದ ಆರಂಭಿಸಬಹುದೆಂಬ ಪ್ರಶ್ನೆಗೆ, ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಧರ್ಮಸಂಹಿತೆಯಾದ ಮಿಶ್ನಾ, ನೀಲಿಯನ್ನು ಬಿಳಿಯಿಂದ ಬೇರ್ಪಡಿಸಿ ಗುರುತಿಸಬಲ್ಲ ಹೊತ್ತಿನಿಂದ ಎಂದು ಉತ್ತರಿಸುತ್ತದೆ. ಧರ್ಮಪಂಡಿತರಾದ ರಬ್ಬಿ ಎಲಿಯೇಜರ್ ಈ ಪರೀಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿ, ನೀಲಿಗೂ ಹಸಿರಿಗೂ ಇರುವ ಭೇದ ಕಾಣಬೇಕೆನ್ನುತ್ತಾರೆ. ಅನಂತರದ ತಾಲ್ಮುದ್ ಗ್ರಂಥವು ನಾಲ್ಕು ಮೊಳ ದೂರದಲ್ಲಿ ನಿಂತ ಪರಿಚಿತನ ಗುರುತು ಹತ್ತುವುದನ್ನೇ ಅಳತೆಯಾಗಿ ಒಪ್ಪಿತು.

ಗಡುವಿನ ವಿಚಾರ ಇನ್ನೂ ಸ್ವಾರಸ್ಯಕರವಾದುದು. ರಾಜಕುಮಾರರು ಏಳುವುದೇ ತಡವಾಗಿ ಎಂಬ ಕಾರಣವನ್ನು ಮುಂದಿಟ್ಟು ರಬ್ಬಿ ಯೆಹೋಶುವ ಅವರು ಶೆಮಾ ಪಠಣಕ್ಕೆ ಹಗಲಿನ ಮೂರನೆಯ ಗಂಟೆಯ ಕೊನೆಯವರೆಗೆ ಅವಕಾಶ ನೀಡಿದರು. ಅರಮನೆಯ ಸೋಮಾರಿತನದ ಲಾಭ ಹೀಗೆ ಸಾಮಾನ್ಯರಿಗೂ ದಕ್ಕಿತೆನ್ನಬೇಕು. ನಿಂತು ಸಲ್ಲಿಸುವ ಮುಖ್ಯ ಪ್ರಾರ್ಥನೆಯಾದ 'ಅಮೀದಾ'ಕ್ಕೆ ನಾಲ್ಕು ಗಂಟೆಗಳ ಮಿತಿಯಿದೆ. ಆದರೆ ಇಲ್ಲಿ ಗಂಟೆಯೆಂದರೆ ಅರವತ್ತು ನಿಮಿಷವಲ್ಲ, ಹಗಲಿನ ಹನ್ನೆರಡನೆಯ ಒಂದು ಭಾಗವಾದ್ದರಿಂದ ಅದು ಬೇಸಿಗೆಯಲ್ಲಿ ಹಿಗ್ಗಿ ಚಳಿಗಾಲದಲ್ಲಿ ಕುಗ್ಗುತ್ತದೆ. ಹಗಲನ್ನು ಅರುಣೋದಯದಿಂದ ಕತ್ತಲಾಗುವವರೆಗೆ ಎಣಿಸಬೇಕೆಂಬುದು 17ನೆಯ ಶತಮಾನದ 'ಮಾಗೆನ್ ಅವ್ರಹಾಂ' ವ್ಯಾಖ್ಯಾನದ ಮತ; ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಬುದು 18ನೆಯ ಶತಮಾನದ ವಿದ್ವಾಂಸ ವಿಲ್ನಾದ ಗಾವೋನರ ಮತ. ಇಂದಿಗೂ ಅನೇಕ ಯೆಹೂದಿ ಪಂಚಾಂಗಗಳು ಎರಡೂ ಗಡುವುಗಳನ್ನು ಮುದ್ರಿಸುತ್ತವೆ.

ಶೆಮಾ ಮುಗಿಸಿ, ಸೂರ್ಯ ಮೂಡುತ್ತಿದ್ದಂತೆಯೇ ಅಮೀದಾ ಆರಂಭಿಸುವುದನ್ನು ಶ್ರೇಷ್ಠವೆಂದು ಎಣಿಸಲಾಗುತ್ತದೆ. ನಾಲ್ಕು ಗಂಟೆ ಮೀರಿದವನು ನಡುಹಗಲಿನವರೆಗೆ ಪ್ರಾರ್ಥಿಸಬಹುದಾದರೂ ಸಕಾಲದ ಫಲ ಅವನಿಗಿಲ್ಲ; ಅದನ್ನೂ ಮರೆತು ಕಳೆದುಕೊಂಡವನು ಅಪರಾಹ್ಣದಲ್ಲಿ ಅಮೀದಾವನ್ನು ಎರಡು ಬಾರಿ ಸಲ್ಲಿಸುತ್ತಾನೆ, ಬೇಕೆಂದೇ ಬಿಟ್ಟವನಿಗೆ ಮಾತ್ರ ಆ ಪರಿಹಾರವಿಲ್ಲ.