ಅಕ್ಕಿ ಪುಸ್ತಕ ಕಳೆದವನ ಮುಖ

ಮುಖ ಸಪ್ಪಗಾದವನನ್ನು ಕಂಡರೆ ನಾವು ‘ಇಂಗು ತಿಂದ ಮಂಗ’ ಎನ್ನುತ್ತೇವೆ. ವಿಯೆಟ್ನಾಮಿನವರು ‘ಅಕ್ಕಿ ಪುಸ್ತಕ ಕಳೆದವನ ಮುಖ’ ಎನ್ನುತ್ತಾರಂತೆ. ಈ ಮಾತನ್ನು ಓದಿ ಮೊದಲು ನಕ್ಕೆ. ಅರ್ಥ ತಿಳಿದ ಮೇಲೆ ನಗೆ ನಿಂತಿತು. ಅಕ್ಕಿ ಪುಸ್ತಕವೆಂದರೆ ನಮ್ಮ ರೇಷನ್ ಕಾರ್ಡು. ಅದು ಹೋಯಿತೆಂದರೆ ತಿಂಗಳ ಅನ್ನವೇ ಹೋದಂತೆ. ಆ ಕಾಲದಲ್ಲಿ ಹನೋಯ್ ನಗರದ ಜನ ಅಂಗಡಿಯ ಮುಂದೆ ತಮ್ಮ ಸರದಿಗೆಂದು ಒಂದೊಂದು ಇಟ್ಟಿಗೆ ಇಟ್ಟು ಹೋಗುತ್ತಿದ್ದರು. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಸೊಸೈಟಿಯ ಮುಂದೆ ಸೀಮೆಎಣ್ಣೆ ಡಬ್ಬಗಳು ಸಾಲಾಗಿ ಕುಳಿತಿರುತ್ತಿದ್ದುವು. ಆದ್ದರಿಂದ ಆ ಇಟ್ಟಿಗೆಗಳು ನನಗೆ ಪರಕೀಯವೆನಿಸಲಿಲ್ಲ.

ಕನ್ನಡದ ಮೇಷ್ಟ್ರಿಗೆ ವಿಯೆಟ್ನಾಮಿನ ಗೊಡವೆ ಏಕೆಂದು ನೀವು ಕೇಳಬಹುದು. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಓದಲು ಕೊಟ್ಟ ಪುಸ್ತಕದಲ್ಲಿ ಒಬ್ಬ ವೃದ್ಧರ ಪರಿಚಯವಾಯಿತು. ಆಮೇಲೆ ಅವರು ನನ್ನನ್ನು ಬಿಡಲಿಲ್ಲ.

ಅವರು ಟ್ರುವಾಂಗ್ ಚಿನ್. ಅದು ಹೆತ್ತವರಿಟ್ಟ ಹೆಸರಲ್ಲ, ತಾವೇ ಇಟ್ಟುಕೊಂಡದ್ದು. ‘ದೀರ್ಘಯಾತ್ರೆ’ ಎಂದು ಅರ್ಥ. ಕವಿತೆಗೆ ಬೇರೊಂದು ಕಾವ್ಯನಾಮವೂ ಇತ್ತು. ಅಲ್ಲಿಯ ಕಮ್ಯೂನಿಸ್ಟ್ ಪಕ್ಷದಲ್ಲಿ ಸಿದ್ಧಾಂತವೆಂದರೆ ಅವರ ಮಾತಿಗೆ ಬಹಳ ತೂಕ. ಭೂಸುಧಾರಣೆಯ ಅತಿರೇಕಗಳ ಹೊಣೆ ಹೊತ್ತು 1956ರಲ್ಲಿ ಪ್ರಧಾನ ಕಾರ್ಯದರ್ಶಿಯ ಪದವಿ ಬಿಟ್ಟರು. ಸಿದ್ಧಾಂತದ ಬಿಗಿ ಮಾತ್ರ ಬಿಡಲಿಲ್ಲ.

ಹತ್ತು ವರ್ಷದ ಮೇಲೆ ವಿನ್ ಫುಕ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಕಿಮ್ ಙೋಕ್ ಒಂದು ಪ್ರಯೋಗ ಮಾಡಿದರು. (ವರ್ಣಮಾಲೆಯಲ್ಲಿ ಕಲಿತು ನಾವು ಮರೆತುಬಿಡುವ ‘ಙ’ಕಾರಕ್ಕೆ ಆ ದೇಶದಲ್ಲಿ ಕೈತುಂಬ ಕೆಲಸ!) ಎಲ್ಲರ ಗದ್ದೆ ಯಾರ ಗದ್ದೆಯೂ ಅಲ್ಲವೆಂದು ಕಂಡುಕೊಂಡ ಆತ, ಸಹಕಾರ ಸಂಘದ ಸಾಗುವಳಿಯನ್ನು ಮನೆಮನೆಗೆ ಗುತ್ತಿಗೆ ಕೊಟ್ಟರು. 1968ರಲ್ಲಿ ಟ್ರುವಾಂಗ್ ಚಿನ್ ಅದನ್ನು ಸಿದ್ಧಾಂತದ್ರೋಹವೆಂಬಂತೆ ಖಂಡಿಸಿದರು. ಪ್ರಯೋಗ ನಿಂತಿತು, ಕಿಮ್ ಙೋಕ್ ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು. 1979ರಲ್ಲಿ ಅವರು ತೀರಿಕೊಂಡರು.

ಇನ್ನು 1986ಕ್ಕೆ ಬರೋಣ. ಆ ವರ್ಷ ಬೆಲೆಗಳು ಏರಿದ್ದು ಶೇಕಡಾ 700ಕ್ಕೂ ಮೇಲೆ. ಜುಲೈನಲ್ಲಿ ನಾಯಕ ಲೆ ಜ್ವಾನ್ ನಿಧನರಾದಾಗ, 79ರ ಟ್ರುವಾಂಗ್ ಚಿನ್ ಮೂವತ್ತು ವರ್ಷಗಳ ಮೇಲೆ ಮತ್ತೆ ಅದೇ ಪದವಿಗೆ ಬಂದರು. ಆ ವೇಳೆಗೆ ಕಾರ್ಖಾನೆ, ಗದ್ದೆಗಳನ್ನು ಸುತ್ತಿ, ಅರ್ಥಶಾಸ್ತ್ರಜ್ಞರ ಮಾತು ಕೇಳಿ, ಅವರು ಒಳಗೆ ಬೇರೆ ಮನುಷ್ಯರಾಗಿದ್ದರು. ಪಕ್ಷದ ಆರನೆಯ ಮಹಾಧಿವೇಶನಕ್ಕೆ ಹಳೆಯ ಧಾಟಿಯಲ್ಲಿ ಸಿದ್ಧವಾಗಿದ್ದ ವರದಿಯನ್ನು ತಿದ್ದಿ ಬರೆಸಿದರು. ಡಿಸೆಂಬರ್ 15ರಂದು ಹನೋಯ್‌ನಲ್ಲಿ ಸೇರಿದ ಸಭೆಯ ಮುಂದೆ ಆ ವರದಿಯನ್ನು ಮಂಡಿಸಿದವರೂ ಅವರೇ. ಯುದ್ಧವನ್ನೂ ಪ್ರಕೃತಿಯನ್ನೂ ದೂರಿ ಸುಮ್ಮನಾಗಲಿಲ್ಲ. ನಾಯಕತ್ವದ ತಪ್ಪುಗಳು ಗಂಭೀರವಾದವು, ದೀರ್ಘಕಾಲದವು ಎಂದು ಒಪ್ಪಿಕೊಂಡರು. ಸತ್ಯವನ್ನು ನೇರವಾಗಿ ನೋಡಬೇಕು ಎಂಬುದೇ ಆ ಅಧಿವೇಶನದ ಮಂತ್ರವಾಯಿತು. ‘ದೊಯ್ ಮೊಯ್’, ಎಂದರೆ ನವೀಕರಣ, ಅಲ್ಲಿಂದ ಮೊದಲಾಯಿತು.

18ರಂದು ಸಭೆ ಮುಗಿದಾಗ ಅವರು ಪದವಿಯಲ್ಲಿರಲಿಲ್ಲ. ಫಾಮ್ ವಾನ್ ದೋಂಗ್, ಲೆ ದುಕ್ ಥೊ ಅವರೊಡನೆ ಪಕ್ಕಕ್ಕೆ ಸರಿದು ಸಲಹೆಗಾರರಾದರು. 1982ರಲ್ಲಿ ಪಾಲಿಟ್‌ಬ್ಯೂರೋದಿಂದ ಹೊರಗುಳಿದು ಆಮೇಲೆ ಮರಳಿ ಬಂದಿದ್ದ 71ರ ಙುಯೆನ್ ವಾನ್ ಲಿನ್ ಪ್ರಧಾನ ಕಾರ್ಯದರ್ಶಿಯಾದರು. 1988ರ ಏಪ್ರಿಲ್‌ನಲ್ಲಿ ಪಕ್ಷ ರೈತನ ಮನೆಯನ್ನೇ ಬೇಸಾಯದ ಘಟಕವೆಂದು ಒಪ್ಪಿಕೊಂಡಿತು. ಕಿಮ್ ಙೋಕ್ ಹಿಡಿದಿದ್ದ ದಾರಿಯೂ ಅದೇ ತಾನೆ? 1988ರಲ್ಲೂ ಅಕ್ಕಿಯನ್ನು ಹೊರಗಿನಿಂದ ತರಿಸಿದ್ದ ದೇಶ 1989ರಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿಯನ್ನು ಹೊರಗೆ ಕಳಿಸಿತು. ಅದನ್ನು ನೋಡಲು ಟ್ರುವಾಂಗ್ ಚಿನ್ ಇರಲಿಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಕಣ್ಮುಚ್ಚಿದ್ದರು.

ಇದನ್ನು ಪುರಾಣಕಥೆ ಮಾಡುವುದು ಬೇಡ. ಪಕ್ಷವೊಂದರದೇ ಆಳ್ವಿಕೆ ಆಗಲೂ ಉಳಿಯಿತು, ಈಗಲೂ ಉಳಿದಿದೆ. ಭತ್ತದ ವಿಷಯಕ್ಕೆ ಬಂದ ಪ್ರಾಮಾಣಿಕತೆ ಅಧಿಕಾರದ ವಿಷಯಕ್ಕೆ ಬರಲಿಲ್ಲ. ಕಿಮ್ ಙೋಕರ ಪಾಲಿಗಂತೂ ಆ ಒಪ್ಪಿಗೆ ಏಳು ವರ್ಷ ತಡವಾಗಿ ಬಂತು.

ಆ ‘ತಡ’ವೇ ನನ್ನನ್ನು ಚುಚ್ಚಿದ್ದು. ಹದಿನೈದು ವರ್ಷದ ಹಿಂದೆ ಕಾಲೇಜಿನ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ರನ್ನನ ‘ಗದಾಯುದ್ಧ’ದ ಬಗ್ಗೆ ಬರೆಯುತ್ತ, ದುರ್ಯೋಧನನ ಛಲವೆಂದು ನಾವು ಹೊಗಳುವುದು ತಪ್ಪೊಪ್ಪಿಕೊಳ್ಳುವ ಅಂಜಿಕೆಯನ್ನೇ ಎಂದಿದ್ದ. ನನ್ನ ಟಿಪ್ಪಣಿಯಲ್ಲಿ ಹಾಗಿರಲಿಲ್ಲ. ಅಂಕ ಕಳೆದದ್ದಲ್ಲದೆ, ಅವನ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿ ಎಲ್ಲರನ್ನೂ ನಗಿಸಿದೆ. ಈಗ ಏಳೆಂಟು ವರ್ಷದಿಂದ ನಾನು ಪಾಠ ಹೇಳುತ್ತಿರುವುದು ಅವನ ಅರ್ಥವನ್ನೇ. ಹುಡುಗರು ಮೆಚ್ಚಿ ಬರೆದುಕೊಳ್ಳುತ್ತಾರೆ. ಅದು ಯಾರದೆಂದು ಮಾತ್ರ ನಾನು ಹೇಳಿಲ್ಲ. ನೀತಿಯನ್ನು ಬದಲಾಯಿಸುವುದು ಸುಲಭ. ಹಿಂದೆ ಯಾರನ್ನು ತಪ್ಪೆಂದೆನೋ ಅವನೇ ಸರಿ ಎನ್ನುವುದು ಕಷ್ಟ.

ಪುಣ್ಯಕ್ಕೆ ನನ್ನ ಹುಡುಗ ಇದೇ ಊರಿನಲ್ಲಿದ್ದಾನೆ. ಆಗಾಗ ಬಸ್ ನಿಲ್ದಾಣದಲ್ಲಿ ಸಿಕ್ಕಿ ‘ನಮಸ್ಕಾರ ಸಾರ್’ ಎನ್ನುತ್ತಾನೆ. ‘ಚೆನ್ನಾಗಿದ್ದೀಯೇನಪ್ಪಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ನಾನು ಬಸ್ಸು ಹತ್ತುತ್ತೇನೆ. ಆಗ ನನ್ನ ಮುಖ ಅಕ್ಕಿ ಪುಸ್ತಕ ಕಳೆದವನ ಹಾಗೆಯೇ ಇರಬೇಕು. ಮುಂದಿನ ಸಲ ಒಂದು ಬಸ್ಸನ್ನು ಬಿಟ್ಟು ನಿಲ್ಲಬೇಕೆಂದಿದ್ದೇನೆ. ನನಗಿನ್ನೂ 79 ಆಗಿಲ್ಲ, ನಿಜ. ಅಲ್ಲಿಯವರೆಗೆ ಕಾಯುವುದು ಯಾವ ನ್ಯಾಯ?