ಸಯ್ಯಾಜಿರಾವ್ ರಸ್ತೇಲಿ ಬಟ್ಟೆ ತೊಟ್ಟ ಆನೆ

ಬಟ್ಟೆ ತೊಟ್ಟ ಪ್ರಾಣಿಯ ಕಾರ್ಟೂನ್ ಬಿಡಿಸೋಕೆ ಕಲೀಬೇಕಾ? ದಸರಾಕ್ಕೆ ಮುಂಚಿನ ವಾರಗಳಲ್ಲಿ ಮೈಸೂರಿನ ದೇವರಾಜ ಮೊಹಲ್ಲಾಕ್ಕೆ ಬನ್ನಿ. ದೇವರಾಜ ಮಾರುಕಟ್ಟೆ ಪಕ್ಕದ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್‌ನಲ್ಲಿ ಪುಟ್ಟ ನೋಟ್‌ಬುಕ್, ಪೆನ್ಸಿಲ್ ಹಿಡಿದು ನಿಂತರೆ ಸಾಕು. ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮಿಗೆ ಹೊರಟ ಆನೆಗಳು ಇದೇ ದಾರೀಲಿ ಹೋಗ್ತವೆ. ಇವತ್ತು ಚಿತ್ರ ಕೆಟ್ಟರೂ ಚಿಂತೆಯಿಲ್ಲ, ಮತ್ತೆ ಬರ್ತವೆ.

ಮೊದಲು ಬಟ್ಟೆ ಮರೆತುಬಿಡಿ. ಮೈಗೆ ಅಡ್ಡ ಮಲಗಿದ ದೊಡ್ಡ ಮೊಟ್ಟೆ, ತಲೆಗೆ ಸಣ್ಣದೊಂದು ವೃತ್ತ, ಕಾಲಿಗೆ ನಾಲ್ಕು ಕಂಬ, ಇಳಿಬಿದ್ದ ಸೊಂಡಿಲು, ಮೊರದಂಥ ಕಿವಿ. ಆನೆ ಆನೆಯಾಗಿ ಕಂಡಮೇಲೆ ಉಡುಪು.

ಹೊಸಬರು ಎಡವೋದು ಇಲ್ಲೇ. ಬೆನ್ನ ಮೇಲೊಂದು ಚೌಕ ಗೀಚಿದರೆ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತೆ. ಬಟ್ಟೆಯ ಎರಡೂ ಬದಿಯ ಗೆರೆಗಳು ಬೆನ್ನಿನಿಂದ ಇಳಿಯುವಾಗ ಹೊಟ್ಟೆಯ ಉಬ್ಬಿನ ಜೊತೆಗೇ ಬಾಗಬೇಕು. ಹೊಟ್ಟೆ ಸುತ್ತಿದ ಹಗ್ಗವೂ ಹಾಗೇ.

ಈ ಆನೆಗಳ ಬೆನ್ನಿನ ನಮ್ದಾ, ಗಾದಿ ಬರೀ ಅಲಂಕಾರ ಅಲ್ಲ. ಜಂಬೂಸವಾರಿಯ ದಿನ ಸುಮಾರು 750 ಕೆಜಿಯ ಚಿನ್ನದ ಅಂಬಾರಿ ಬೆನ್ನಿಗೆ ಒತ್ತದಿರಲಿ ಅಂತ ಹಾಕೋ ಮೆತ್ತೆ. ಭಾರದ ತಾಲೀಮಿನಲ್ಲಿ ಅದರ ಮೇಲೆ ಮರಳಿನ ಮೂಟೆ ಇರುತ್ತೆ. ಹಾಗಾಗಿ ಅಂಚಿಗೆ ಜೋಡಿ ಗೆರೆ ಎಳೆದು ಮೆತ್ತೆಯ ದಪ್ಪ ತೋರಿಸಿ. ಮೂಟೆ ಕೂತ ಕಡೆ ಸ್ವಲ್ಪ ತಗ್ಗಿಸಿ.

ಜರಿ, ಗೆಜ್ಜೆ, ಕುಚ್ಚು ಎಲ್ಲ ತುರುಕಬೇಡಿ. 1921ರಲ್ಲಿ ಇದೇ ಊರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಚೌಕಳಿ ಕೋಟಿನಿಂದಲೇ ಗುರುತು ಸಿಗ್ತಾನೆ. ನಿಮ್ಮ ಆನೆಗೂ ಒಂದೇ ಉಡುಪು ಸಾಕು. ಚಿತ್ರ ಮುದ್ದಾಗಿರಲಿ; ಆದರೆ ಅದು ಹೊರೆ ಹೊತ್ತು ನಡೆಯೋ ಪ್ರಾಣಿ ಅನ್ನೋದು ನೋಡಿದವರಿಗೆ ತಿಳೀಬೇಕು.