ಊರಿಗೊಬ್ಬ ಪಾದ್ರಿ ಬೇಕು

ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ನಿವೃತ್ತರಾದರೆ ಅಥವಾ ಬೇರೆ ಊರಿಗೆ ಹೊರಟುಹೋದರೆ ಆ ಊರಿನ ಚರ್ಚಿಗೇನೂ ಕೂಡಲೇ ಬೀಗ ಬೀಳುವುದಿಲ್ಲ. ಊರಿನವರೇ ಆರಿಸಿದ ಇಬ್ಬರು ಚರ್ಚ್ ವಾರ್ಡನ್‌ಗಳು ಬೀಗದ ಕೈ ಹಿಡಿದುಕೊಂಡು ಹೇಗೋ ದಿನ ದೂಡುತ್ತಾರೆ. ಭಾನುವಾರದ ಆರಾಧನೆಗೆ ಪಕ್ಕದೂರಿನ ಪಾದ್ರಿಯನ್ನೋ, ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರೊಬ್ಬರನ್ನೋ ಒಪ್ಪಿಸಿ ಕರೆತರುತ್ತಾರೆ. ನಡುವೆ ಮದುವೆಯೋ ಸಾವೋ ಬಂದರೆ ಓಡಾಟ ಇಮ್ಮಡಿ. ಈ ಖಾಲಿ ಅವಧಿಗೆ ಅಲ್ಲಿನ ಜನ ‘ಇಂಟರ್‌ರೆಗ್ನಮ್’ ಎನ್ನುತ್ತಾರೆ. ಒಬ್ಬ ರಾಜ ಹೋಗಿ ಇನ್ನೊಬ್ಬ ಪಟ್ಟವೇರುವ ತನಕದ ಕಾಲ ಎಂದು ಆ ಲ್ಯಾಟಿನ್ ಪದದ ಅರ್ಥ. ಹಳ್ಳಿಯ ಪಾದ್ರಿಗೆ ಇದು ಸ್ವಲ್ಪ ದೊಡ್ಡ ಮಾತೇ.

ಈ ಅವಧಿಯಲ್ಲಿ ಊರಿನ ಚರ್ಚ್ ಮಂಡಳಿ ಸಭೆ ಸೇರಿ ಒಂದು ಪತ್ರ ಸಿದ್ಧಪಡಿಸುತ್ತದೆ. ತಮ್ಮ ಊರಿನ ಸ್ಥಿತಿಗತಿ ಏನು, ಅಗತ್ಯಗಳೇನು, ನಡೆದುಬಂದ ಪದ್ಧತಿಗಳೇನು ಎಂಬುದನ್ನು ಬರೆಯಬೇಕೆಂದು 1986ರ ಕಾಯಿದೆ ಹೇಳುತ್ತದೆ. ಮಕ್ಕಳ ಜೊತೆ ಬೆರೆಯುವವರು ಬೇಕು, ಮುದುಕರ ಮನೆಗೆ ಹೋಗಿ ಮಾತಾಡಿಸುವವರು ಬೇಕು, ಸೋರುವ ಮಾಡಿಗೆ ಹಣ ಎತ್ತಬಲ್ಲವರೂ ಆಗಿದ್ದರೆ ಒಳ್ಳೆಯದು. ನಮ್ಮ ಪತ್ರಿಕೆಗಳ ವಧೂವರರ ಅಂಕಣ ಓದಿದವರಿಗೆ ಈ ಧಾಟಿ ಹೊಸದೆನಿಸದು. ಎಲ್ಲ ಗುಣಗಳೂ ಒಬ್ಬರಲ್ಲೇ ಸಿಗುವುದಿಲ್ಲವೆಂದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು.

ಇಷ್ಟಾದರೂ ಪಾದ್ರಿಯನ್ನು ಸೂಚಿಸುವ ಹಕ್ಕು ಊರಿನವರದಲ್ಲ. ಅದು ‘ಪೇಟ್ರನ್’ ಎಂಬ ಪೋಷಕರದು. ನೂರಾರು ವರ್ಷಗಳ ಹಿಂದೆ ಚರ್ಚು ಕಟ್ಟಿಸಿ ಅದರ ಖರ್ಚಿಗೆ ಜಮೀನು ಬಿಟ್ಟ ಧಣಿಗೆ ಅಲ್ಲಿನ ಪಾದ್ರಿಯನ್ನು ಹೆಸರಿಸುವ ಅಧಿಕಾರವಿತ್ತು. ಆಮೇಲೆ ಅದು ಹೊಲಮನೆಗಳ ಹಾಗೆ ಆಸ್ತಿಯೇ ಆಗಿಬಿಟ್ಟಿತು. ಮಗನಿಗೆ ಬಂತು, ಮಠಕ್ಕೆ ಹೋಯಿತು, ಬಹುಕಾಲ ದುಡ್ಡಿಗೆ ಮಾರಾಟವೂ ಆಯಿತು. ಹೀಗೆ ಇಂದಿಗೂ ಒಂದೂರಿಗೆ ರಾಜಮನೆತನ ಪೋಷಕನಾದರೆ ಇನ್ನೊಂದಕ್ಕೆ ಬಿಷಪ್, ಮತ್ತೊಂದಕ್ಕೆ ದೂರದ ಆಕ್ಸ್‌ಫರ್ಡಿನ ಒಂದು ಕಾಲೇಜು. ಈಗ ಊರಿನ ಇಬ್ಬರು ಪ್ರತಿನಿಧಿಗಳಿಗೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಅವಕಾಶವಿದೆ. ಮೊದಲು ಅಷ್ಟೂ ಇರಲಿಲ್ಲ.

ಈ ಹಕ್ಕು ಒಬ್ಬ ಮನುಷ್ಯನ ಬಾಳನ್ನು ಹೇಗೆ ತಿರುಗಿಸಿತು ಎಂಬುದನ್ನು ನೋಡಬೇಕಾದರೆ ಹ್ಯಾಂಪ್‌ಶೈರಿನ ಸೆಲ್‌ಬೋರ್ನ್ ಎಂಬ ಹಳ್ಳಿಗೆ ಹೋಗಬೇಕು. ಲಂಡನ್ನಿನಿಂದ ನೈರುತ್ಯಕ್ಕೆ ಸುಮಾರು ಐವತ್ತು ಮೈಲಿ. ಒಂದೇ ಬೀದಿಯ ಊರು, ಹಿಂದೆ ಬೀಚ್ ಮರಗಳ ಕಡಿದಾದ ಗುಡ್ಡ. 1233ರಲ್ಲಿ ವಿಂಚೆಸ್ಟರಿನ ಬಿಷಪ್ ಪೀಟರ್ ಡೆ ರೋಷ್ ಇಲ್ಲೊಂದು ಮಠ ಸ್ಥಾಪಿಸಿದ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಮಠ ಹಾಳುಬಿದ್ದು, ಅದರ ಆಸ್ತಿಯೆಲ್ಲ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಪಾಲಾಯಿತು. (ಬರೆಯುವುದು ಹೀಗಾದರೂ ಅಲ್ಲಿನವರು ಅದನ್ನು ‘ಮಾಡ್ಲಿನ್’ ಎನ್ನುತ್ತಾರೆ. ಇಂಗ್ಲಿಷಿನ ಕಾಗುಣಿತ ವಿದ್ಯಾರ್ಥಿಗಳನ್ನು ಮಾತ್ರ ಕಾಡುವುದಿಲ್ಲ.) ಆಸ್ತಿಯ ಜೊತೆಗೆ ಸೆಲ್‌ಬೋರ್ನಿನ ಪಾದ್ರಿಯನ್ನು ಸೂಚಿಸುವ ಹಕ್ಕೂ ಕಾಲೇಜಿಗೆ ಹೋಯಿತು. ಕಾಲೇಜು ಆ ಸ್ಥಾನವನ್ನು ತನ್ನದೇ ಫೆಲೋಗಳಿಗೆ ಕೊಡುತ್ತಿತ್ತು. ಇಂಥ ಊರಿನ ಪಾದ್ರಿಗೆ ‘ವಿಕರ್’ ಎಂದು ಹೆಸರು, ಅಂದರೆ ಇನ್ನೊಬ್ಬರ ಬದಲಿಗೆ ನಿಂತವನು. ಬೆಳೆಯ ಹತ್ತರಲ್ಲೊಂದು ಪಾಲಿನಲ್ಲಿ ದೊಡ್ಡ ಭಾಗ ಮಠಕ್ಕೆ, ಸಣ್ಣ ಭಾಗ ಊರಲ್ಲಿ ನಿಂತು ಕೆಲಸ ಮಾಡುವ ವಿಕರನಿಗೆ, ಇದು ಹಳೆಯ ಲೆಕ್ಕ.

1720ರ ಜುಲೈ 18ರಂದು ಈ ಊರಿನ ಪಾದ್ರಿಮನೆಯಲ್ಲಿ ಗಿಲ್ಬರ್ಟ್ ವೈಟ್ ಹುಟ್ಟಿದ. ಆಗ ವಿಕರ್ ಆಗಿದ್ದವನು ಅವನ ಅಜ್ಜ, ಮ್ಯಾಗ್ಡಲೆನ್ ಕಾಲೇಜಿನವನು. ಅಜ್ಜನ ಹೆಸರೂ ಗಿಲ್ಬರ್ಟ್ ವೈಟ್ ಎಂದೇ. ಮೊಮ್ಮಗ ಓದಿಗೆ ಆಕ್ಸ್‌ಫರ್ಡಿಗೆ ಹೋದ, ಆದರೆ ಸೇರಿದ್ದು ಓರಿಯಲ್ ಕಾಲೇಜಿಗೆ. ಹುಡುಗನೊಬ್ಬನನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂದು ಮನೆಯಲ್ಲಿ ಮಾತಾಡುವಾಗ ನಲವತ್ತು ವರ್ಷ ಮುಂದಿನದು ಯಾರಿಗೆ ಕಾಣುತ್ತದೆ? 1744ರಲ್ಲಿ ಅಲ್ಲೇ ಫೆಲೋ ಆದ, ಆಮೇಲೆ ಪಾದ್ರಿ ದೀಕ್ಷೆಯನ್ನೂ ಪಡೆದ. ಆತನಿಗಿದ್ದ ಆಸೆ ದೊಡ್ಡದಲ್ಲ, ತನ್ನ ಊರಿನಲ್ಲಿ ಇರಬೇಕು ಎಂಬುದಷ್ಟೇ. ಊರನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೆ ಓರಿಯಲ್ ಕಾಲೇಜಿನವನಿಗೆ ಮ್ಯಾಗ್ಡಲೆನ್ ಕೈಯಲ್ಲಿದ್ದ ಊರು ಸಿಗುವಂತಿರಲಿಲ್ಲ. ಅವನ ಆಯುಷ್ಯದಲ್ಲಿ ಸೆಲ್‌ಬೋರ್ನಿನ ಆ ಸ್ಥಾನ ಒಂದಕ್ಕಿಂತ ಹೆಚ್ಚು ಸಲ ಖಾಲಿಯಾಯಿತು. ಪ್ರತಿ ಸಲವೂ ವಿಕರ್ ಆದವನು ಬೇರೊಬ್ಬ.

ಆತ ಬೇರೆ ದಾರಿ ಹಿಡಿಯಬಹುದಿತ್ತು. ಓರಿಯಲ್ ಕೈಯಲ್ಲೂ ಹಲವು ಊರುಗಳಿದ್ದವು. ಆದಾಯ ಹೆಚ್ಚಿರುವ ಊರೊಂದನ್ನು ಒಪ್ಪಿಕೊಂಡಿದ್ದರೆ ಮನೆ ಮಠ ಎಲ್ಲ ಸುಖವಾಗಿ ನಡೆಯುತ್ತಿತ್ತು. ಆದರೆ ಅದಕ್ಕೆ ಸೆಲ್‌ಬೋರ್ನ್ ಬಿಡಬೇಕು. ಮದುವೆಯಾದರೆ ಫೆಲೋ ಪದವಿ ಹೋಗುತ್ತಿತ್ತು. ಆತ ಮದುವೆಯಾಗಲಿಲ್ಲ. 1757ರಲ್ಲಿ ನಾರ್ಥಾಂಪ್ಟನ್‌ಶೈರಿನ ಮೋರ್‍ಟನ್ ಪಿಂಕ್ನಿ ಎಂಬ ಸಣ್ಣ ಊರನ್ನು ಒಪ್ಪಿಕೊಂಡ, ಅಲ್ಲಿಗೆ ತನ್ನ ಬದಲು ಒಬ್ಬ ಸಹಾಯಕ ಪಾದ್ರಿಯನ್ನು ನೇಮಿಸಿ ತಾನು ಸೆಲ್‌ಬೋರ್ನಿನಲ್ಲೇ ಉಳಿದ. ಆ ಕಾಲದಲ್ಲಿ ಇದು ಮಾಮೂಲು, ತಪ್ಪೆಂದು ಯಾರೂ ಎಣಿಸುತ್ತಿರಲಿಲ್ಲ. ಆದರೂ ಹೇಳಲೇಬೇಕು, ಸೆಲ್‌ಬೋರ್ನಿನ ಭಾಗ್ಯಕ್ಕೆ ಮೋರ್‍ಟನ್ ಪಿಂಕ್ನಿಯವರು ಸ್ವಲ್ಪ ಬೆಲೆ ತೆತ್ತಿದ್ದಾರೆ. ತಮ್ಮ ಪಾದ್ರಿ ದೂರದಲ್ಲಿ ಹಕ್ಕಿ ನೋಡುತ್ತಿದ್ದಾನೆಂದರೆ ಯಾವ ಊರಿನವರಿಗೆ ಸಂತೋಷವಾದೀತು?

ಹೊಟ್ಟೆಪಾಡಿಗಿಂತ ಹೆಚ್ಚಾಗಿ ಊರಿನ ಸನಿಹಕ್ಕಾಗಿ ಆತ ಮಾಡಿದ್ದು ಕ್ಯುರೇಟ್ ಕೆಲಸ, ಎಂದರೆ ಸಹಾಯಕ ಪಾದ್ರಿಯ ಕೆಲಸ. 1761ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಎರಡು ಮೈಲಿ ದೂರದ ಫ್ಯಾರಿಂಗ್‌ಡನ್ ಎಂಬಲ್ಲಿಗೆ ಹೋಗಿಬಂದ. 1784ರಲ್ಲಿ ಸೆಲ್‌ಬೋರ್ನಿನ ವಿಕರ್ ಆಗಿದ್ದ, ಅವನ ಗೆಳೆಯನೂ ಆದ ಆಂಡ್ರೂ ಎಟ್ಟಿ ತೀರಿಕೊಂಡ. ಹೊಸ ವಿಕರ್ ಮ್ಯಾಗ್ಡಲೆನ್‌ನವನೇ. ಅರವತ್ತನಾಲ್ಕು ವರ್ಷದ ವೈಟ್ ಹುಟ್ಟೂರಿನ ಚರ್ಚಿನಲ್ಲಿ ಮತ್ತೆ ಕ್ಯುರೇಟ್ ಆಗಿ ನಿಂತ. ಸಾಯುವ ತನಕ ಅದೇ ಕೆಲಸ.

ಈ ನಡುವಿನ ವರ್ಷಗಳಲ್ಲಿ ಆತ ಮಾಡಿದ್ದೇನು? ನೋಡಿದ, ಬರೆದಿಟ್ಟ. 1751ರಲ್ಲಿ ತೋಟದ ದಿನಚರಿ ಆರಂಭಿಸಿದ. 1768ರಿಂದ ಸಾಯುವ ತಿಂಗಳಿನವರೆಗೆ ನಿಸರ್ಗದ ದಿನಚರಿ ಬರೆದ. ಮಳೆ, ಚಳಿ, ಯಾವ ಹೂವು ಎಂದು ಅರಳಿತು, ಯಾವ ಹಕ್ಕಿ ಎಂದು ಬಂತು, ಎಲ್ಲಕ್ಕೂ ಲೆಕ್ಕ. ಅಲ್ಲಿಯವರೆಗೆ ಒಂದೇ ಎಂದುಕೊಂಡಿದ್ದ ವಿಲೋ ರೆನ್ ಎಂಬ ಪುಟ್ಟ ಹಕ್ಕಿ ನಿಜವಾಗಿ ಮೂರು ಬೇರೆ ಜಾತಿಗಳು ಎಂದು 1768ರಲ್ಲಿ ಖಚಿತವಾಗಿ ಹೇಳಿದ. ಮೈಬಣ್ಣದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. ದಾರಿ ತೋರಿದ್ದು ಅವುಗಳ ಹಾಡು. ಗೋಧಿ ತೆನೆಗಳ ನಡುವೆ ಗೂಡು ಕಟ್ಟುವ ಪುಟ್ಟ ಇಲಿಯನ್ನು ಬ್ರಿಟನ್ನಿನಲ್ಲಿ ಮೊದಲು ಗುರುತಿಸಿದವನೂ ಈತನೇ. ಎರಡು ಇಲಿಗಳನ್ನು ತಕ್ಕಡಿಗೆ ಹಾಕಿ ತೂಗಿದ, ಅವು ತಾಮ್ರದ ಒಂದು ಅರ್ಧ ಪೆನ್ನಿ ನಾಣ್ಯಕ್ಕೆ ಸರಿತೂಗಿದವು! ಜೇನ್ನೊಣಕ್ಕೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಗೂಡಿನ ಹತ್ತಿರ ಮಾತಿನ ಕಹಳೆ ಹಿಡಿದು ಕೂಗಿದ. ಅವು ತಿರುಗಿಯೂ ನೋಡಲಿಲ್ಲ. ಮನೆಯಲ್ಲಿದ್ದ ಆಮೆ ತಿಮೋತಿಯನ್ನು ಆಗಾಗ ತೂಗುತ್ತಿದ್ದ. ಅದು ಗಂಡಲ್ಲ, ಹೆಣ್ಣು ಎಂದು ತಿಳಿದದ್ದು ಆತ ಸತ್ತ ಎಷ್ಟೋ ಕಾಲದ ಮೇಲೆ.

ಸೆಲ್‌ಬೋರ್ನಿನಲ್ಲಿ ಪ್ರತಿ ಬೇಸಿಗೆಯೂ ಎಂಟು ಜೋಡಿ ಸ್ವಿಫ್ಟ್ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಪ್ರತಿ ವರ್ಷ ಮರಿಗಳಾಗುತ್ತವೆ, ಆದರೂ ಮರುವರ್ಷ ಬರುವುದು ಎಂಟೇ ಜೋಡಿ. ಹಾಗಾದರೆ ಉಳಿದವು ಎಲ್ಲಿ ಹೋದವು? ವೈಟ್ ಈ ಪ್ರಶ್ನೆ ಎತ್ತಿದಾಗ ಮಾಲ್ಥಸ್ ಇನ್ನೂ ತನ್ನ ಪ್ರಬಂಧ ಬರೆದಿರಲಿಲ್ಲ, ಅದು ಬಂದದ್ದು 1798ರಲ್ಲಿ. ಇಂಥ ಪ್ರಶ್ನೆ ಎರಡು ಬೇಸಿಗೆಗೆ ಬಂದು ಹೋಗುವವನಿಗೆ ಹುಟ್ಟುವುದಿಲ್ಲ. ಹತ್ತಾರು ವರ್ಷ ಒಂದೇ ಚರ್ಚಿನ ಗೋಪುರದ ಕಡೆಗೆ ಕತ್ತೆತ್ತಿದವನಿಗೆ ಮಾತ್ರ ಹುಟ್ಟುತ್ತದೆ. ಎಲ್ಲವನ್ನೂ ಆತ ಸರಿಯಾಗಿ ಕಂಡ ಎಂದೇನಲ್ಲ. ಸ್ವಾಲೋ ಹಕ್ಕಿಗಳು ಚಳಿಗಾಲದಲ್ಲಿ ದೂರದೇಶಕ್ಕೆ ಹೋಗುತ್ತವೆಂದು ಜಿಬ್ರಾಲ್ಟರಿನಲ್ಲಿದ್ದ ತಮ್ಮ ಕಣ್ಣಾರೆ ಕಂಡು ಬರೆದರೂ, ಕೆಲವಾದರೂ ಊರಿನಲ್ಲೇ ಎಲ್ಲೋ ಅಡಗಿ ಮಲಗಿರಬಹುದೆಂಬ ಅನುಮಾನ ಆತನನ್ನು ಬಿಡಲಿಲ್ಲ.

ಎರೆಹುಳು ಇಲ್ಲದಿದ್ದರೆ ಭೂಮಿ ಗಟ್ಟಿಯಾಗಿ ಬಂಜರಾದೀತು ಎಂದು 1777ರಲ್ಲೇ ಆತ ಪತ್ರ ಬರೆದಿದ್ದ. ಡಾರ್ವಿನ್ನನ ಎರೆಹುಳು ಪುಸ್ತಕ ಬಂದದ್ದು 1881ರಲ್ಲಿ. ಡಾರ್ವಿನ್ ಹುಡುಗನಾಗಿದ್ದಾಗಲೇ ವೈಟ್‌ನ ಪುಸ್ತಕ ಓದಿದ್ದವನು. ಕೇಂಬ್ರಿಜ್‌ಗೆ ಅವನನ್ನು ತಂದೆ ಕಳಿಸಿದ್ದೂ ಪಾದ್ರಿಯಾಗಲಿ ಎಂದೇ! ಪೆನಂಟ್ ಮತ್ತು ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಬರೆದ ಪತ್ರಗಳನ್ನು ಕೂಡಿಸಿ ವೈಟ್ ಮಾಡಿದ ಆ ಪುಸ್ತಕ ‘ಸೆಲ್‌ಬೋರ್ನಿನ ನಿಸರ್ಗ ಚರಿತ್ರೆ ಮತ್ತು ಪ್ರಾಚೀನ ಸಂಗತಿಗಳು’ 1789ರ ಮುದ್ರೆ ಹೊತ್ತು ಹೊರಬಂತು. ಆತನಿಗಾಗ ಅರವತ್ತೆಂಟು ವರ್ಷ.

ಹಳ್ಳಿಯ ಪಾದ್ರಿಗಳಲ್ಲಿ ವಿಜ್ಞಾನಕ್ಕೆ ಕೈಹಾಕಿದವನು ಈತನೊಬ್ಬನೇ ಅಲ್ಲ. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೆ ಏರುವುದನ್ನು ಅಳೆದ ಸ್ಟೀಫನ್ ಹೇಲ್ಸ್, ಟೆಡಿಂಗ್ಟನ್ ಎಂಬ ಊರಿನ ಪಾದ್ರಿ. ಇಂಗ್ಲೆಂಡಿನ ಜೇನ್ನೊಣಗಳ ಮೇಲೆ 1802ರಲ್ಲಿ ಗ್ರಂಥ ಬರೆದ ವಿಲಿಯಂ ಕಿರ್ಬಿ, ಬಾರಮ್ ಎಂಬ ಹಳ್ಳಿಯವನು. ವಿಶ್ವವಿದ್ಯಾನಿಲಯದ ಓದು, ಇರಲು ಮನೆ, ಒಂದಿಷ್ಟು ಆದಾಯ, ವಾರದಲ್ಲಿ ಬೇಕಾದಷ್ಟು ಬಿಡುವು. ಜೊತೆಗೆ ಹುಟ್ಟು, ಮದುವೆ, ಸಾವುಗಳನ್ನು ತಪ್ಪದೆ ದಾಖಲೆಗೆ ಬರೆಯುವ ಅಭ್ಯಾಸ ಕೈಗೆ ಹತ್ತಿರುತ್ತಿತ್ತು.

ಆ ಬಿಡುವು ಈಗ ಇಲ್ಲ. ಚರ್ಚಿಗೆ ಬರುವವರು ಕಡಿಮೆ, ಹಣ ಕಡಿಮೆ, ಪಾದ್ರಿಗಳೂ ಕಡಿಮೆ. ಒಬ್ಬರೇ ಐದಾರು ಹಳ್ಳಿಗಳನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿದೆ. ಸೆಲ್‌ಬೋರ್ನ್ ಕೂಡ ಅಕ್ಕಪಕ್ಕದ ಊರುಗಳ ಜೊತೆ ಒಂದು ಗುಂಪಿಗೆ ಸೇರಿದೆ. 1994ರಿಂದ ಮಹಿಳೆಯರೂ ಈ ಚರ್ಚಿನಲ್ಲಿ ಪಾದ್ರಿಗಳಾಗುತ್ತಿದ್ದಾರೆ. ಅದಾಗದಿದ್ದರೆ ಖಾಲಿ ಊರುಗಳ ಪಟ್ಟಿ ಇನ್ನೂ ಉದ್ದವಾಗಿರುತ್ತಿತ್ತು.

ಅಂತೂ ಒಬ್ಬರು ಸಿಕ್ಕಿದರೆನ್ನಿ. ಬಿಷಪ್ ಬಂದು ಅವರಿಗೆ ಅಧಿಕಾರ ಕೊಡುತ್ತಾರೆ, ಆರ್ಚ್‌ಡೀಕನ್ ಎಂಬ ಹಿರಿಯ ಅಧಿಕಾರಿ ಅವರ ಕೈಯನ್ನು ಚರ್ಚಿನ ಬಾಗಿಲಿನ ಮೇಲೋ ಬೀಗದ ಕೈ ಮೇಲೋ ಇರಿಸುತ್ತಾರೆ. ಬಳಿಕ ಹೊಸ ಪಾದ್ರಿ ತಾವೇ ಹಗ್ಗ ಜಗ್ಗಿ ಗಂಟೆ ಬಾರಿಸಬೇಕು. ಎಷ್ಟು ಸಲ ಬಾರಿಸುತ್ತಾರೋ ಅಷ್ಟು ವರ್ಷ ಆ ಊರಲ್ಲಿ ಇರುತ್ತಾರೆಂಬುದು ಜನರ ನಂಬಿಕೆ. ಕೆಳಗೆ ನಿಂತವರು ಮನಸ್ಸಿನಲ್ಲೇ ಎಣಿಸುತ್ತಿರುತ್ತಾರೆ.

ಸೆಲ್‌ಬೋರ್ನಿನ ವಿಕರ್‌ಗಳ ಸಾಲಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಹೆಸರಿದೆ. ಅದು ಅಜ್ಜನದು. ಮೊಮ್ಮಗ ಸುತ್ತಳತೆ ತೆಗೆದು 23 ಅಡಿ ಎಂದು ಬರೆದಿಟ್ಟಿದ್ದ ಚರ್ಚ್ ಅಂಗಳದ ಮುದಿ ಯೂ ಮರ 1990ರ ಜನವರಿ 25ರ ಬಿರುಗಾಳಿಗೆ ಉರುಳಿತು. ಆತನ ಮನೆ ಈಗ ವಸ್ತುಸಂಗ್ರಹಾಲಯ. ಚರ್ಚಿನ ಒಂದು ಕಿಟಕಿಯ ಬಣ್ಣದ ಗಾಜಿನಲ್ಲಿ ಸಂತ ಫ್ರಾನ್ಸಿಸನ ಸುತ್ತ ಆತ ಬರೆದ ಹಕ್ಕಿಗಳೆಲ್ಲ ನೆರೆದಿವೆ. ಆತನ ಸಮಾಧಿ ಹೊರಗೆ, ಚರ್ಚಿನ ಉತ್ತರಕ್ಕೆ ಹುಲ್ಲಿನ ನಡುವೆ ಇದೆ. ಸಣ್ಣ ಕಲ್ಲು. ಅದರ ಮೇಲೆ ‘ಜಿ.ಡಬ್ಲ್ಯು.’ ಎಂಬ ಎರಡು ಅಕ್ಷರ, ಕೆಳಗೆ 1793ರ ಜೂನ್ 26 ಎಂಬ ದಿನಾಂಕ.